ಹಂಪಿ ಸಂತೆಯ ಕೋಳಿ ಲೆಕ್ಕ

ಮೊನ್ನೆ ಹೊಸಪೇಟೆಗೆ ಬದನೆಕಾಯಿ ಹಾಕಿ ಬಂದೆ. ನನಗೆ ಸಿಕ್ಕಿದ್ದು ಕಿಲೋಕ್ಕೆ 10 ರೂಪಾಯಿ. ಅವತ್ತೇ ಸಂಜೆ ಅದೇ ಊರಾಗ ತಳ್ಳುಗಾಡಿಯಲ್ಲಿ 40.

ಆಗ ಡೊಮಿಂಗೊ ಪಾಯೆಸ್ ನೆನಪಾದ. 1520ರ ಸುಮಾರಿಗೆ, ಕೃಷ್ಣದೇವರಾಯರ ಕಾಲದಲ್ಲಿ, ನಮ್ಮ ಹಂಪಿ ನೋಡಿದ ಪೋರ್ಚುಗೀಸ್ ಪ್ರವಾಸಿ. ಅರಮನೆ, ದಸರಾ ವೈಭವ ಬರೆದಿದ್ದು ಎಲ್ಲರಿಗೂ ಗೊತ್ತು. ಸಂತೆ ರೇಟೂ ಬರೆದಿಟ್ಟಾನೆ. ಒಂದು ಹಣಕ್ಕೆ ಹತ್ತು ದಾಳಿಂಬೆ, ಇಲ್ಲಾ ಮೂರು ಗೊಂಚಲು ದ್ರಾಕ್ಷಿ. ಶುಕ್ರವಾರದ ಸಂತೆಯಲ್ಲಿ ಹಂದಿ, ಕೋಳಿ, ಒಣಮೀನು. ಉಳಿದ ದಿನ ಪಟ್ಟಣದ ಒಂದೊಂದು ಕಡೆ ಒಂದೊಂದು ಸಂತೆ.

ನನಗೆ ಹಿಡಿಸಿದ್ದು ಕೋಳಿ ಲೆಕ್ಕ. ಒಂದು ಸಣ್ಣ ನಾಣ್ಯಕ್ಕೆ ಪಟ್ಟಣದೊಳಗೆ ಮೂರು ಕೋಳಿ, ಊರ ಹೊರಗೆ ನಾಲ್ಕು. ಅಂದ್ರೆ ಪೇಟೆಯಲ್ಲಿ ಒಂದು ರೂಪಾಯಿ ಇದ್ದ ಮಾಲಿಗೆ ಹಳ್ಳಿಯಲ್ಲಿ ಹನ್ನೆರಡಾಣೆ. ಸಾಗಾಟ, ಸುಂಕ, ವ್ಯಾಪಾರಿ ಲಾಭ ಎಲ್ಲಾ ಉಳಿದ ನಾಲ್ಕಾಣೆಯಾಗೇ ಮುಗೀಬೇಕಿತ್ತು. ನನ್ನ ಬದನೆಕಾಯಿಯಾಗ ನನಗೆ ಬಂದಿದ್ದೇ ನಾಲ್ಕಾಣೆ! ಕೋಳಿ ಬಾಡಲ್ಲ, ಬದನೆಕಾಯಿ ಬಾಡ್ತದೆ, ಒಪ್ತೀನಿ. ಆದ್ರೂ ಹನ್ನೆರಡಾಣೆ ದಾರಿಯಲ್ಲೇ ಹೋಗೋದಾ?

ಬರೋ ಸಂತೆಗೆ ನಾವು ನಾಲ್ಕು ಜನ ತಾಡಪಾಲು ಹಾಸಿ ನಾವೇ ಕೂತು ಮಾರೋಣ ಅಂತ ಮಾತಾಡೀವಿ. ತಕ್ಕಡಿ ನನ್ನ ಹತ್ರ ಐತಿ. ಬರೋರು ಹೇಳ್ರಿ, ಗಾಡಿ ಬಾಡಿಗೆ ಹಂಚ್ಕೊಳ್ಳೋಣ.