ಗ್ಯಾಸ್ ಒಲೆ ಹೊತ್ತದಿರುವಿಕೆ (ಕತಾರ್)

ಅನಿಲ, ಗಾಳಿ ಅಥವಾ ಕಿಡಿಯ ಕೊರತೆಯಿಂದ ಮನೆಯ ಗ್ಯಾಸ್ ಒಲೆಯಲ್ಲಿ ಉರಿ ಮೂಡದ ದೋಷ. ಕತಾರಿನ ಮನೆಗಳಲ್ಲಿ ವುಕೂದ್ ಕಂಪನಿಯ ‘ಶಫಾಫ್’ ಸಿಲಿಂಡರ್ ಬಳಕೆಯಲ್ಲಿದೆ. ಅರಬ್ಬಿಯಲ್ಲಿ ಈ ಪದಕ್ಕೆ ‘ಪಾರದರ್ಶಕ’ ಎಂದರ್ಥ. ಸಿಲಿಂಡರಿನ ಅರೆಪಾರದರ್ಶಕ ಮೈಯಿಂದ ದ್ರವದ ಮಟ್ಟ ಕಾಣುವುದರಿಂದ, ಉರಿ ಮೂಡದಿರಲು ಒಂದು ಕಾರಣವಾದ ಅನಿಲ ಖಾಲಿಯಾಗುವಿಕೆ ಕೂಡಲೇ ತಿಳಿಯುತ್ತದೆ. ಇತರ ಕಾರಣಗಳು: ಮುಚ್ಚಿದ ರೆಗ್ಯುಲೇಟರ್, ಉಕ್ಕಿದ ಹಾಲು ಅಥವಾ ಗಂಜಿಯಿಂದ ಕಟ್ಟಿದ ಬರ್ನರ್ ರಂಧ್ರ, ಒದ್ದೆಯಾದ ಲೈಟರ್ ಪಿನ್ನು. ಸುರಕ್ಷತಾ ಸಾಧನವುಳ್ಳ ಒಲೆಯಲ್ಲಿ ಗುಂಡಿ ಬಿಟ್ಟೊಡನೆ ಉರಿ ಆರಿದರೆ ಉರಿಯ ಶಾಖವನ್ನು ಗ್ರಹಿಸುವ ಥರ್ಮೋಕಪಲ್‌ನ ದೋಷ ಸಂಭವನೀಯ. ಸಿಲಿಂಡರಿನಲ್ಲಿರುವ ಅನಿಲ, ಎಲ್‌ಪಿಜಿ, ಗಾಳಿಗಿಂತ ಭಾರ. ಸೋರಿದಾಗ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಬಂದಲ್ಲಿ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ವಿದ್ಯುತ್ ಸ್ವಿಚ್ ಮುಟ್ಟದೆ ಹೊರಬಂದು 999ಕ್ಕೆ ಕರೆ ಮಾಡುವುದು ಕ್ರಮ. ಕೊಳವೆಯ ಸೋರಿಕೆಯನ್ನು ಸಾಬೂನು ನೀರಿನ ಗುಳ್ಳೆಯಿಂದ ಪರೀಕ್ಷಿಸಲಾಗುತ್ತದೆ, ಬೆಂಕಿಕಡ್ಡಿ ನಿಷಿದ್ಧ.