ನೆಲದ ಮನೆಗಳಿಂದ ರಟ್ಟಿನ ಪೆಟ್ಟಿಗೆಗೆ: ಕೋಲಾರ ಸೀಮೆಯ ಮಣೆಯಾಟಗಳು

ಕರ್ನಾಟಕದ ಒಳಾಂಗಣ ಆಟಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅರಮನೆಯಿಂದಲೇ ಆರಂಭಿಸಿದ್ದಾರೆ. ಲಿಖಿತ ಆಧಾರಗಳು ಹೆಚ್ಚಾಗಿ ದೊರೆಯುವುದು ಅಲ್ಲಿಯೇ ಆದುದರಿಂದ ಇದು ಸಹಜವೂ ಹೌದು. 10ನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಭಾನುಮತಿ ಆಡಿದ ನೆತ್ತದ ಪ್ರಸ್ತಾಪವಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದಲ್ಲಿ ಚದುರಂಗ, ದಾಳ ಹಾಗೂ ಕವಡೆಯಾಟಗಳನ್ನು ರಾಜವಿನೋದಗಳ ಸಾಲಿಗೆ ಸೇರಿಸಿದೆ. ಆದರೆ ಆಟವೊಂದು ಹುಟ್ಟುವುದು ಬೇರೆ, ಅದು ಮನೆಮಂದಿಯ ಆಟವಾಗಿ ಮೂರು ನಾಲ್ಕು ತಲೆಮಾರು ಬಾಳುವುದು ಬೇರೆ. ಇಂದು ನಗರದ ಹವ್ಯಾಸಿಗಳು ಮೆಚ್ಚಿರುವ ಹೊಸ ಬೋರ್ಡ್ ಗೇಮುಗಳು ಕುಟುಂಬದ ಆಟಗಳಾಗಿ ನೆಲೆಗೊಳ್ಳಬಲ್ಲವೇ ಎಂಬ ಪ್ರಶ್ನೆಯನ್ನು ಈ ಎರಡನೆಯ ಪ್ರಕ್ರಿಯೆಯ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕು. ಅದಕ್ಕೆ ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳು ಯೋಗ್ಯವಾದ ಕ್ಷೇತ್ರಗಳು.

ಈ ಸೀಮೆಯು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು (1794–1868) ಹೊಸ ಆಟಗಳನ್ನು ಕಲ್ಪಿಸಿದ ದೊರೆ ಭಾರತದಲ್ಲಿ ಮತ್ತೊಬ್ಬನಿರಲಾರನು. 1831ರಲ್ಲಿ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ಮೇಲೆ ಅವರ ಆಸಕ್ತಿ ಕಲೆ, ಗ್ರಂಥರಚನೆಗಳತ್ತ ಇನ್ನಷ್ಟು ಹರಿಯಿತು. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರಗಳಿವೆ, ಅವರ ಗಂಜೀಫಾ ಆಟಗಳಲ್ಲಿ ಒಂದಕ್ಕೆ 360 ಎಲೆಗಳು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಇಂತಹ ಆಟಗಳ ಪಟಗಳನ್ನು ಇಂದಿಗೂ ಕಾಣಬಹುದು. ಬುದ್ಧಿಚಾತುರ್ಯದ ದೃಷ್ಟಿಯಿಂದ ಇವು ಅಸಾಧಾರಣವಾದವು. ಆದರೂ ಅವು ಆಸ್ಥಾನದ ಆವರಣವನ್ನು ದಾಟಿ ಹಳ್ಳಿಯ ಜಗುಲಿಗೆ ಇಳಿಯಲಿಲ್ಲ. 360 ಎಲೆಗಳನ್ನು ಬರೆಸಲು ಚಿತ್ರಗಾರ ಬೇಕು, ನಿಯಮಗಳನ್ನು ನೆನಪಿಡಲು ಗ್ರಂಥ ಬೇಕು. ದೊರೆಯ ಪ್ರೋತ್ಸಾಹವೂ ಈ ಎರಡು ಕೊರತೆಗಳನ್ನು ತುಂಬಲಾರದೆ ಹೋಯಿತು.

ಕೋಲಾರ ಸೀಮೆಯ ಮನೆಗಳಲ್ಲಿ ಉಳಿದು ಬಂದ ಆಟ ಚೌಕಾಬಾರ. ಐದಕ್ಕೆ ಐದರಂತೆ 25 ಮನೆಗಳು. ನಾಲ್ಕು ಬದಿಗಳ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಎಳೆದರೆ ಅವು ಕಟ್ಟೆಗಳಾಗುತ್ತವೆ. ಕಟ್ಟೆಯಲ್ಲಿರುವ ಕಾಯನ್ನು ಹೊಡೆಯುವಂತಿಲ್ಲ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಮತ್ತೊಂದು ಗರ ಉಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುವ ಮಾತು ಕೃಷಿಕರ ನುಡಿಗಟ್ಟಿನಿಂದಲೇ ಬಂದುದೆಂಬುದು ಸ್ಪಷ್ಟ. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳುಪು ಮಾಡಿಕೊಂಡರೆ ಅದೇ ದಾಳ. ಶ್ರೀನಿವಾಸಪುರ, ಮುಳಬಾಗಿಲುಗಳ ಕಡೆ ಹುಣಸೆ ಹೇರಳವಾದ ಬೆಳೆ. ಹಣ್ಣು ಬಡಿದು ಬೀಜ ಬಿಡಿಸುವ ಕೆಲಸ ಹೆಂಗಸರದು. ಆ ಕಾಲವೂ ಶಿವರಾತ್ರಿಯ ಕಾಲವೂ ಹೆಚ್ಚುಕಡಿಮೆ ಕೂಡಿಬರುತ್ತವೆ. ಜಾಗರಣೆಯ ರಾತ್ರಿ ನಿದ್ರೆ ತಡೆಯಲು ಪಗಡೆ, ಚೌಕಾಬಾರಗಳನ್ನು ಆಡುವ ರೂಢಿಗೆ ಬೀಜದ ಕೊರತೆ ಎಂದೂ ಇರಲಿಲ್ಲ. ಗೆರೆ ಎಳೆಯಲು ಸುಣ್ಣದ ಕಡ್ಡಿ ಇಲ್ಲವಾದರೆ ಒಡೆದ ಹೆಂಚಿನ ಚೂರು ಸಾಕು. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನಲ್ಲಿ ಅದಕ್ಕೆ ಹುಡುಕಾಡಬೇಕಾಗಿರಲಿಲ್ಲ. ಕಲ್ಲುಚಪ್ಪಡಿಯ ಜಗುಲಿಯಿದ್ದ ಕಡೆ ಮನೆಗಳನ್ನು ಉಳಿಯಿಂದಲೇ ಕೊರೆದುಕೊಳ್ಳಬಹುದಾಗಿತ್ತು. ಹಂಪೆಯ ಮಂಟಪಗಳ ನೆಲದಲ್ಲಿ ಕಾಣುವ ಆಟದ ಗೆರೆಗಳೂ ಇದೇ ಪದ್ಧತಿಯವು.

ಈ ಸೀಮೆಯ ಇನ್ನೊಂದು ವಿಶೇಷವೆಂದರೆ ಭಾಷೆಗಳ ಕೂಡುವಿಕೆ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಯಲ್ಲಿವೆ. ಮಾಲೂರು ತಮಿಳುನಾಡಿನ ಹೊಸೂರಿಗೆ ಹತ್ತಿರ. ಕನ್ನಡದ ಚೌಕಾಬಾರ ತೆಲುಗಿನಲ್ಲಿ ಅಷ್ಟಾಚೆಮ್ಮ. ಅಳಗುಳಿಮಣೆ ತೆಲುಗಿನಲ್ಲಿ ವಾಮನಗುಂಟಲು, ತಮಿಳಿನಲ್ಲಿ ಪಲ್ಲಾಂಗುಳಿ. ಮೂರು ಹುಲಿ, ಹದಿನೈದು ಆಡುಗಳ ಆಡುಹುಲಿಯಾಟ ಅತ್ತ ಪುಲಿಮೇಕ, ಇತ್ತ ಆಡುಪುಲಿಯಾಟ್ಟಂ. ಗುಳಿಯೊಂದಕ್ಕೆ ನಾಲ್ಕು ಬೀಜವೋ ಐದೋ ಆರೋ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಮದುವೆಯಾಗಿ ಬಂದ ಸೊಸೆ ತವರಿನ ನಿಯಮವನ್ನು ತರುತ್ತಾಳೆ, ಅತ್ತೆಯ ಮನೆಯಲ್ಲಿ ಬೇರೆ ನಿಯಮ. ಒಂದೆರಡು ಸಂಜೆಗಳ ವಾದದ ಬಳಿಕ ಮೂರನೆಯದೊಂದು ನಿಯಮ ನಿಲ್ಲುತ್ತದೆ. ಅಧಿಕೃತ ನಿಯಮಾವಳಿ ಇಲ್ಲದಿರುವುದನ್ನು ಜಾನಪದ ಸಂಗ್ರಾಹಕರು ಕೊರತೆಯೆಂದು ಭಾವಿಸಿ ‘ಸರಿಯಾದ ಪಾಠ’ವನ್ನು ಅರಸುವುದುಂಟು. ವಾಸ್ತವವಾಗಿ ಗಡಿಗಳನ್ನು ದಾಟಲು ಈ ಆಟಗಳಿಗೆ ನೆರವಾದುದು ಆ ಸಡಿಲಿಕೆಯೇ.

ಪೆಟ್ಟಿಗೆಯಲ್ಲಿ ಬಂದ ಆಟಗಳು ಈ ಮನೆಗಳನ್ನು ಸೇರಲೇ ಇಲ್ಲವೆಂದು ಇದರಿಂದ ತಿಳಿಯಬಾರದು. ಪಗಡೆಯ ಉತ್ತರ ಭಾರತದ ರೂಪವಾದ ಪಚೀಸಿಯನ್ನು ಸರಳಗೊಳಿಸಿ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ಲೂಡೊ, ಪರಮಪದಸೋಪಾನದ ಪುಣ್ಯಪಾಪಗಳನ್ನು ಕಳಚಿಕೊಂಡ ಹಾವು-ಏಣಿ, ಇವೆರಡೂ ಒಂದೇ ರಟ್ಟಿನ ಎರಡು ಮಗ್ಗುಲುಗಳಾಗಿ ಜಾತ್ರೆಯ ಅಂಗಡಿಗಳಿಗೆ ಬಂದವು. ಮಕ್ಕಳು ಅವನ್ನು ಹೊಸ ಆಟಗಳೆಂದೇ ಕಲಿತರು. ಅಜ್ಜಿಯರಿಗೆ ಮಾತ್ರ ಕಲಿಯಬೇಕಾದುದು ಹೆಚ್ಚೇನೂ ಇರಲಿಲ್ಲ. ಕೇರಂ ಇನ್ನೂ ಗಮನಾರ್ಹ ನಿದರ್ಶನ. 1956ರಲ್ಲಿ ಅಖಿಲ ಭಾರತ ಫೆಡರೇಷನ್, 1988ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಸ್ಥಾಪನೆಯಾದುವಾದರೂ ಅದನ್ನು ಮನೆಯ ಆಟವಾಗಿಸಿದ್ದು ಸಂಸ್ಥೆಗಳಲ್ಲ. ಹಲಗೆಯನ್ನು ಊರಿನ ಬಡಗಿಯೂ ಮಾಡಬಲ್ಲ, ನಿಯಮವನ್ನು ನೋಡಿಯೇ ಕಲಿಯಬಹುದು, ನಾಲ್ವರು ಸುತ್ತ ಕುಳಿತರೆ ಹತ್ತು ಮಂದಿ ನಿಂತು ನೋಡಬಹುದು.

ನೆಲದ ಆಟಗಳ ಹಿನ್ನಡೆಗೆ ದೂರದರ್ಶನವನ್ನು ದೂಷಿಸುವುದು ರೂಢಿ. ಮನೆಯ ನೆಲವೇ ಬದಲಾದುದನ್ನು ಗಮನಿಸಿದವರು ಕಡಿಮೆ. ಹೊಳಪಿನ ಟೈಲ್ಸಿನ ಮೇಲೆ ಹೆಂಚಿನ ಗೆರೆ ನಿಲ್ಲುವುದಿಲ್ಲ, ನಿಂತರೂ ಮನೆಯವರು ಒಪ್ಪುವುದಿಲ್ಲ. ಜಗುಲಿಯಂತೂ ಹೊಸ ಮನೆಗಳ ನಕ್ಷೆಯಿಂದಲೇ ಮಾಯವಾಗಿದೆ. ಅದರೊಡನೆ ಹೋದುದು ಆಟವಷ್ಟೇ ಆಗಿರಲಿಲ್ಲ. ಮುದುಕಿಯೂ ಮೊಮ್ಮಗುವೂ ಸಮಾನ ಅಧಿಕಾರದಿಂದ ವಾದಿಸಬಹುದಾಗಿದ್ದ ಅಪರೂಪದ ಸ್ಥಳವೂ ಹೋಯಿತು. 2016ರಲ್ಲಿ ಬಂದ ಲೂಡೊ ಕಿಂಗ್ 2020ರ ಲಾಕ್‌ಡೌನ್ ಕಾಲದಲ್ಲಿ ಹಳೆಯ ಆಟವನ್ನು ಮೊಬೈಲಿನಲ್ಲಿ ಮರಳಿ ಮನೆಗೆ ತಂದಿತು. ಅಲ್ಲಿ ಗರ ಬೀಳಿಸುವುದೂ ಎಣಿಸುವುದೂ ಯಂತ್ರದ ಕೆಲಸ, ವಾದಕ್ಕೆ ಎಡೆಯಿಲ್ಲ.

ಹವ್ಯಾಸಿ ಆಟಗಳ ವಿಷಯಕ್ಕೆ ಬರುವುದಾದರೆ, ಜರ್ಮನಿಯಲ್ಲಿ 1995ರಲ್ಲಿ ಪ್ರಕಟವಾದ ಕ್ಲೌಸ್ ಟೊಯ್ಬರ್ ಅವರ ‘ಕ್ಯಾಟನ್’ ಈ ವರ್ಗದ ಪ್ರಮುಖ ಕೃತಿ. ದ್ವೀಪವೊಂದರಲ್ಲಿ ನೆಲೆಯೂರಿ ಮರ, ಇಟ್ಟಿಗೆ, ಕುರಿ, ಧಾನ್ಯ, ಅದಿರುಗಳನ್ನು ವಿನಿಮಯ ಮಾಡಿಕೊಳ್ಳುವ ಆಟವಿದು. ವಸ್ತುವಿನ ದೃಷ್ಟಿಯಿಂದ ಮಾಲೂರಿನವರಿಗೆ ಇದರಲ್ಲಿ ಅಪರಿಚಿತವಾದುದು ಏನೂ ಇಲ್ಲ. ಚೌಕಾಸಿಯನ್ನಂತೂ ಕಲಿಸಬೇಕಾಗಿಯೇ ಇಲ್ಲ. ತೊಡಕಿರುವುದು ಪೆಟ್ಟಿಗೆಯ ಬೆಲೆಯಲ್ಲಿ, ಇಂಗ್ಲಿಷಿನ ನಿಯಮಪುಸ್ತಕದಲ್ಲಿ, ಓದಿದವನೊಬ್ಬನು ಉಳಿದವರಿಗೆ ವಿವರಿಸಲೇಬೇಕಾದ ಕ್ರಮದಲ್ಲಿ. ಮುಮ್ಮಡಿಯವರ ಆಟಗಳು ಎದುರಿಸಿದ ತೊಡಕುಗಳೂ ಇವೇ. ಬೆಂಗಳೂರಿನ ಕೆಫೆಗಳಲ್ಲಿ ಇಂತಹ ಆಟಗಳು ನಡೆಯುತ್ತಿರುವುದು ನಿಜವಾದರೂ, ಕೆಫೆಯ ಮೇಜು ಇಂದಿನ ಕಾಲದ ಆಸ್ಥಾನವೇ ಸರಿ.

ಹಾಗೆಂದು ದಾರಿ ಮುಚ್ಚಿದೆಯೆಂದು ಹೇಳಲಾಗದು. ಅಮೆರಿಕದ ಲಿಜ್ಜಿ ಮ್ಯಾಗೀ 1904ರಲ್ಲಿ ಹಕ್ಕುಪತ್ರ ಪಡೆದ ಭೂಮಾಲೀಕರ ಆಟವನ್ನು ಜನರು ಮೂರು ದಶಕಗಳ ಕಾಲ ಬಟ್ಟೆ, ಹಲಗೆಗಳ ಮೇಲೆ ತಾವೇ ಬರೆದುಕೊಂಡು, ತಮ್ಮ ಊರಿನ ಬೀದಿಗಳ ಹೆಸರಿಟ್ಟುಕೊಂಡು ಆಡಿದರು. ಪಾರ್ಕರ್ ಬ್ರದರ್ಸ್ ಸಂಸ್ಥೆ 1935ರಲ್ಲಿ ಅದನ್ನು ‘ಮೊನೊಪಲಿ’ಯಾಗಿ ಪೆಟ್ಟಿಗೆಗೆ ತುಂಬಿದಾಗ ಅದು ಆಗಲೇ ಹಲವು ಮನೆಗಳ ಆಟವಾಗಿತ್ತು. ಭಾರತದಲ್ಲಿ ಅದೇ ಆಟ ದೆಹಲಿ, ಮುಂಬಯಿಗಳ ಹೆಸರು ಹೊತ್ತ ಅಗ್ಗದ ‘ಬಿಸಿನೆಸ್’ ಆಟವಾಗಿ ಮರುಹುಟ್ಟು ಪಡೆದು ಸಣ್ಣ ಪಟ್ಟಣಗಳ ಸ್ಟೇಷನರಿ ಅಂಗಡಿಗಳನ್ನು ತಲುಪಿತು. ಕ್ಯಾಟನ್ನಿನ ಆರು ಮೂಲೆಯ ತುಂಡುಗಳನ್ನು ಮದುವೆ ಕರೆಯೋಲೆಯ ರಟ್ಟಿನಲ್ಲಿ ಕತ್ತರಿಸಿಕೊಂಡು, ಗೋಧಿಯ ಜಾಗಕ್ಕೆ ರಾಗಿಯನ್ನಿಟ್ಟು, ಪುಸ್ತಕ ನೋಡದೆ ಆಡುವ ಮನೆಗಳು ಮುಳಬಾಗಿಲಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ಕಾಣಿಸಿಕೊಂಡರೆ ಅದನ್ನು ಮುಂದಿನ ಸಂಶೋಧಕರು ಅಗತ್ಯವಾಗಿ ದಾಖಲಿಸಬೇಕು. ಪ್ರಕಾಶಕರು ಅದನ್ನು ಹಕ್ಕುಸ್ವಾಮ್ಯದ ಉಲ್ಲಂಘನೆಯೆಂದು ದಾಖಲಿಸಿಕೊಂಡಾರು.