ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್

ಭಾರತದಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ದನಿಯೆತ್ತಿದ ಮೊದಲ ಸಂಘಟನೆಗಳಲ್ಲೊಂದು. 1917ರ ಮೇ 8ರಂದು ಮದರಾಸಿನ ಅಡ್ಯಾರಿನಲ್ಲಿ ಆರಂಭವಾಯಿತು. ಮೊದಲ ಅಧ್ಯಕ್ಷೆ ಆನಿ ಬೆಸೆಂಟ್. ಮಾರ್ಗರೆಟ್ ಕಸಿನ್ಸ್ ಮತ್ತು ಡೊರೊತಿ ಜಿನರಾಜದಾಸ ಕಟ್ಟಿ ಬೆಳೆಸಿದವರು. ಮೂವರೂ ಥಿಯಸಾಫಿಕಲ್ ಸೊಸೈಟಿಯವರು. ಶಾಖೆಗಳಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ಓದುಬರಹ, ಹೊಲಿಗೆ, ಪ್ರಥಮ ಚಿಕಿತ್ಸೆಯ ತರಗತಿಗಳು. 1918ರಿಂದ ‘ಸ್ತ್ರೀಧರ್ಮ’ ಎಂಬ ಪತ್ರಿಕೆಯೂ ಹೊರಟಿತು.

ಮತದ ಬೇಡಿಕೆ ಹುಟ್ಟಿದ ಬಗೆ ವಿಚಿತ್ರ. 1917ರ ಕೊನೆಗೆ ಬ್ರಿಟಿಷ್ ಸರ್ಕಾರದ ಭಾರತ ವ್ಯವಹಾರಗಳ ಮಂತ್ರಿ ಮಾಂಟೆಗು ಮದರಾಸಿಗೆ ಬರುವವರಿದ್ದರು. ಹೆಣ್ಣುಮಕ್ಕಳ ಶಿಕ್ಷಣ ಮತ್ತು ಸಾಮಾಜಿಕ ಸುಧಾರಣೆಯ ಬಗ್ಗೆ ಮಾತನಾಡಲು ಕಸಿನ್ಸ್ ಸಮಯ ಕೇಳಿದರು. ರಾಜಕೀಯ ವಿಷಯಗಳ ನಿಯೋಗಕ್ಕೆ ಮಾತ್ರ ಅವಕಾಶ ಎಂಬ ಉತ್ತರ ಬಂತು. ಐರ್ಲೆಂಡಿನ ಮತದಾನ ಚಳವಳಿಯಲ್ಲಿ ಜೈಲು ಕಂಡು ಬಂದಿದ್ದ ಆಕೆಗೆ ಅಷ್ಟು ಸಾಕಾಯಿತು. ಮನವಿಯಲ್ಲಿ ಮತದ ಹಕ್ಕೂ ಸೇರಿತು. ಡಿಸೆಂಬರ್ 18ರಂದು ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗ ಮಾಂಟೆಗು ಅವರನ್ನು ಕಂಡು, ಗಂಡಸರಿಗಿರುವ ಷರತ್ತುಗಳ ಮೇಲೆಯೇ ಹೆಂಗಸರಿಗೂ ಮತ ಕೊಡಿ ಎಂದು ಕೇಳಿತು.

ಮತದಾನದ ಅರ್ಹತೆಯನ್ನು ಪರಿಶೀಲಿಸಿದ ಸೌತ್‌ಬರೊ ಸಮಿತಿ ಈ ಬೇಡಿಕೆಯನ್ನು ಒಪ್ಪಲಿಲ್ಲ. 1919ರಲ್ಲಿ ಬೆಸೆಂಟ್, ನಾಯ್ಡು, ಬೊಂಬಾಯಿಯ ಹೀರಾಬಾಯಿ ಟಾಟಾ ಲಂಡನ್ನಿಗೇ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದರು. ಆ ವರ್ಷದ ಭಾರತ ಸರ್ಕಾರ ಕಾಯಿದೆ ನಿರ್ಧಾರವನ್ನು ಪ್ರಾಂತಗಳ ಶಾಸನಸಭೆಗಳಿಗೆ ಬಿಟ್ಟು ಕೈತೊಳೆದುಕೊಂಡಿತು. ಇದು ಸೋಲೆನಿಸಿದರೂ ಸಂಘಕ್ಕೆ ಅನುಕೂಲವೇ ಆಯಿತು: 1921ರಲ್ಲಿ ಮದರಾಸು ಮೊದಲಾಗಿ ಒಪ್ಪಿತು, ಅದೇ ವರ್ಷ ಬೊಂಬಾಯಿ ಹಿಂಬಾಲಿಸಿತು. ಬಂಗಾಳ 1925ರ ತನಕ ಎಳೆಯಿತು. ಆಸ್ತಿಯ ಷರತ್ತು ಉಳಿದೇ ಇದ್ದುದರಿಂದ ಮತ ಸಿಕ್ಕಿದ್ದು ಕೆಲವೇ ಹೆಂಗಸರಿಗೆ.

ಕಸಿನ್ಸ್ 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಕಿಯರ ಶಾಲೆಯ ಮುಖ್ಯಸ್ಥೆಯಾಗಿದ್ದರು. 1926ರಲ್ಲಿ ಮಹಿಳೆಯರಿಗೆ ಚುನಾವಣೆಗೆ ನಿಲ್ಲುವ ದಾರಿಯೂ ತೆರೆದಾಗ, ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದರಾಸು ಶಾಸನಸಭೆಗೆ ಸ್ಪರ್ಧಿಸುವಂತೆ ಹುರಿದುಂಬಿಸಿದವರು ಆಕೆಯೇ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಕಮಲಾದೇವಿ ಅಲ್ಪ ಮತಗಳ ಅಂತರದಿಂದ ಸೋತರು. ಸಂಘದ ಮುತ್ತುಲಕ್ಷ್ಮಿ ರೆಡ್ಡಿ ನಾಮನಿರ್ದೇಶನಗೊಂಡು ಅದೇ ಸಭೆಗೆ ಹೋಗಿ ಉಪಾಧ್ಯಕ್ಷೆಯಾದರು. ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ 1930ರಲ್ಲಿ ರಾಜೀನಾಮೆ ಕೊಟ್ಟರು.

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದ ಮೇಲೆ ದೇಶಮಟ್ಟದ ಮುಂದಾಳುತನ ಅದರ ಕೈಗೆ ಸರಿಯಿತು. 1930ರ ದಶಕದಲ್ಲಿ ಎರಡೂ ಸಂಸ್ಥೆಗಳು ವಯಸ್ಕರೆಲ್ಲರಿಗೂ ಮತ ಬೇಕೆಂದು ಕೇಳಿದವು. 1935ರ ಭಾರತ ಸರ್ಕಾರ ಕಾಯಿದೆ ಮತ ಕೊಟ್ಟಿದ್ದು ಸುಮಾರು 60 ಲಕ್ಷ ಮಹಿಳೆಯರಿಗೆ. ಅವರಲ್ಲಿ ಅನೇಕರ ಅರ್ಹತೆ ಗಂಡನ ಆಸ್ತಿಯ ಲೆಕ್ಕದಲ್ಲಿ ಬಂದದ್ದು.